‘ಅರ್ಥ ಆಯ್ತಾ?’ ಅಂದ್ರೆ ಎಲ್ಲರೂ ‘ಆಯ್ತು ಸಾರ್’: ಬೋಧನೆಯಲ್ಲಿ ಎಡವುತ್ತಿರೋದು ಎಲ್ಲಿ ಅಂತ ನಾವೇ ಕಂಡುಕೊಳ್ಳೋದು ಹೇಗೆ?

ಪ್ರಶ್ನೆ:
ನಾಲ್ಕನೇ ತರಗತಿ, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ. ಪಾಠದ ಮಧ್ಯೆ ಕೇಳಿದ್ರೆ ಒಕ್ಕೊರಲಿನ ‘ಆಯ್ತು’. ಟೆಸ್ಟ್‌ನಲ್ಲಿ ಅರ್ಧ ಮಕ್ಕಳು 52 − 27 = 35 ಬರೀತಾರೆ. ಸಿಆರ್‌ಪಿ (ಶಾಲೆಗಳಿಗೆ ಭೇಟಿ ಕೊಡೋ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ನೋಡಿ ಹೇಳೋವರೆಗೆ ಕಾಯದೆ, ನಮ್ಮ ಪಾಠವನ್ನು ನಾವೇ ಪರೀಕ್ಷಿಸಿಕೊಳ್ಳೋ ದಾರಿ ಇದೆಯಾ?

ಉತ್ತರ 1:
ಪಾಠದ ದನಿ ರೆಕಾರ್ಡ್ ಮಾಡಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಮಕ್ಕಳ ನಡುವೆ ಇಡಿ. ನಿಮ್ಮ ಮೇಜಿನ ಮೇಲಿಟ್ಟರೆ ನಿಮ್ಮ ದನಿ ಮಾತ್ರ ಸಿಗುತ್ತೆ. 15 ನಿಮಿಷ ಸಾಕು, ಇಡೀ ಪಿರಿಯಡ್ ರೆಕಾರ್ಡ್ ಮಾಡಿದ್ರೆ ಕೂತು ಕೇಳೋರು ಕಡಿಮೆ. ಅದೇ ದಿನ ಸಂಜೆ ಕೇಳುತ್ತಾ ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ಪ್ರಶ್ನೆ, ಕೇಳಿ ಎಷ್ಟು ಸೆಕೆಂಡ್ ಕಾದಿರಿ, ಉತ್ತರಿಸಿದ್ದು ಒಬ್ಬರೋ ಗುಂಪೋ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದು ಇದನ್ನೇ: ಶಿಕ್ಷಕರು ಸಾಮಾನ್ಯವಾಗಿ ಕಾಯೋದು ಒಂದೇ ಸೆಕೆಂಡ್. ಅದು 3 ಸೆಕೆಂಡ್ ಆದಾಗ ಉತ್ತರಗಳು ಉದ್ದವಾದವು, ಉತ್ತರಿಸದೆ ಕೂರೋರು ಕಡಿಮೆಯಾದರು. ಮಗು ಉತ್ತರ ಮುಗಿಸಿದ ಮೇಲೂ ಅಷ್ಟೇ ಕಾಯಬೇಕು, ಇದು ಸುಲಭವಾಗಿ ಮರೆತುಹೋಗುತ್ತೆ. ಮಗ್ಗಿ ಕೇಳುವಾಗ ಇದರ ಅಗತ್ಯವಿಲ್ಲ.

ಉತ್ತರ 2:
ಮೊದಲು ಆ ಲೆಕ್ಕವನ್ನೇ ಬದಲಿಸಿ. 52 − 27ಕ್ಕೆ 35 ಎರಡು ದಾರಿಯಲ್ಲಿ ಬರುತ್ತೆ. ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದರೂ (7 − 2) ಬಿಡಿಸ್ಥಾನದಲ್ಲಿ 5, ದಶಕ ತಂದು 12 − 7 ಮಾಡಿದರೂ 5. ಯಾವ ತಪ್ಪು ಅಂತ ಹೇಗೆ ಗೊತ್ತಾಗಬೇಕು? 53 − 27 ಕೊಡಿ. 34 ಬರೆದ ಮಗು ಅಂಕಿ ತಿರುಗಿಸಿ ಕಳೆದಿದೆ. ಅದಕ್ಕೆ ಹತ್ತತ್ತು ಕಡ್ಡಿಗಳ 5 ಕಟ್ಟು, 3 ಬಿಡಿ ಕಡ್ಡಿ ಕೊಟ್ಟು ‘7 ಕಡ್ಡಿ ಕೊಡು’ ಅನ್ನಿ, ಕಟ್ಟು ಬಿಚ್ಚಲೇಬೇಕಾಗುತ್ತೆ. 36 ಬರೆದ ಮಗುವಿಗೆ ದಶಕ ತರೋದು ಗೊತ್ತು, 5ನ್ನು 4 ಮಾಡೋದು ಮರೆತಿದೆ. ಹೊಡೆದುಹಾಕಿ ಮೇಲೆ 4 ಬರೆಯೋ ಅಭ್ಯಾಸ ಸಾಕು. ಇಬ್ಬರಿಗೂ ಅದೇ ಪಾಠ ಮತ್ತೆ ಮಾಡಿದ್ರೆ ಇಬ್ಬರಿಗೂ ಅನ್ಯಾಯ.

‘ಅರ್ಥ ಆಯ್ತಾ’ ಬದಲು ಸ್ಲೇಟ್: ಬರೆದು ಬೋರಲು ಹಾಕಬೇಕು, ಹೇಳಿದಾಗ ಒಟ್ಟಿಗೆ ಎತ್ತಬೇಕು.

ಪ್ರಶ್ನೆ ಕೇಳಿದವರು:
ಮೂವತ್ತು ಸ್ಲೇಟ್ ಒಮ್ಮೆಗೇ ನೋಡೋದು ಕಷ್ಟ ಅಲ್ವಾ? ಕಾಯುವಾಗ ಗದ್ದಲ ಶುರುವಾದ್ರೆ?

ಉತ್ತರ 1:
ಸಾಲು ಸಾಲಾಗಿ ಎತ್ತಿಸಿ, 34 ಮತ್ತು 36 ಮಾತ್ರ ಹುಡುಕಿ. ಗದ್ದಲಕ್ಕೆ ಕಾರಣ ಹೆಚ್ಚಾಗಿ ಹೆಸರು ಮೊದಲು ಕರೆಯೋದು. ಒಬ್ಬರ ಹೆಸರು ಬಂದ ಕೂಡಲೇ ಉಳಿದವರು ಯೋಚಿಸೋದು ಬಿಡ್ತಾರೆ. ಪ್ರಶ್ನೆ, ಮೌನ, ಆಮೇಲೆ ಹೆಸರು. ಸ್ಲೇಟ್, ಕಾಯೋದು ಎರಡನ್ನೂ ಒಂದೇ ವಾರ ಶುರು ಮಾಡಬೇಡಿ, ಯಾವುದು ಕೆಲಸ ಮಾಡ್ತು ಅಂತ ತಿಳಿಯಲ್ಲ. ಎರಡು ವಾರದ ನಂತರ ಮತ್ತೆ 15 ನಿಮಿಷ ರೆಕಾರ್ಡ್ ಮಾಡಿ, ಹಳೇ ಹಾಳೆ ಪಕ್ಕದಲ್ಲಿಟ್ಟು ನೋಡಿ.