ಫಾಸ್ಟ್ರ್ಯಾಕ್ ಟಿಕೆಟ್ ಏಳೂ ಜನಕ್ಕೆ ಬೇಕಾ? (ಬಿಡದಿ ಅಥವಾ ಕೊಚ್ಚಿ, ಓಣಂ ರಜೆಯಲ್ಲಿ)

ಪಯಸ್ವಿನಿ, ಮುಳ್ಳೇರಿಯ:

ಓಣಂ ರಜೆಯಲ್ಲಿ ಒಂದು ದಿನದ ಮಟ್ಟಿಗೆ ರೈಡು, ನೀರಾಟದ ಪಾರ್ಕ್ ವಂಡರ್‌ಲಾಗೆ ಹೋಗುವ ಅಂದಾಜು ಉಂಟು. ಬಿಡದಿಯಾ ಕೊಚ್ಚಿಯಾ ಅಂತ ತೀರ್ಮಾನ ಆಗ್ಲಿಲ್ಲ. ಒಟ್ಟು ಏಳು ಜನ: ನಾವಿಬ್ಬರು, ನನ್ನ ತಮ್ಮ ಮತ್ತು ಅವನ ಹೆಂಡತಿ, 64 ವರ್ಷದ ಅತ್ತೆ, 141 ಸೆಂಟಿಮೀಟರ್ ಎತ್ತರದ ಮಗಳು, 128ರ ತಮ್ಮನ ಮಗ. ಸಾದಾ ಟಿಕೆಟಿಗೂ ಕ್ಯೂ ತಪ್ಪಿಸುವ ಫಾಸ್ಟ್ರ್ಯಾಕ್ ಟಿಕೆಟಿಗೂ (ಪಾಸ್) ತಲೆಗೆ ಬೀಳುವ ವ್ಯತ್ಯಾಸವನ್ನು ಏಳರಿಂದ ಗುಣಿಸಿದರೆ ಮೊತ್ತ ಸಣ್ಣದಲ್ಲ. ಎಲ್ಲರಿಗೂ ತೆಗೆಯಬೇಕಾ, ಕೆಲವರಿಗೆ ಸಾಕಾ, ಬೇಡವೇ ಬೇಡವಾ? ಈ ಪಾಸ್ ನಿಜವಾಗಿ ಯಾವ ಕ್ಯೂ ತಪ್ಪಿಸ್ತದೆ, ಯಾವುದನ್ನು ತಪ್ಪಿಸುವುದಿಲ್ಲ? ಗೊತ್ತಿದ್ದವರು ಲೆಕ್ಕ ಸಮೇತ ಹೇಳಿದರೆ ಉಪಕಾರ.

ಕುಂಬಳೆ ಸೀಮೆ:

ಏಳು ಬೇಡ ಅಕ್ಕ. ನಿಮ್ಮ ಪಟ್ಟಿಯಲ್ಲಿ ಅತ್ತೆಗೂ 128ರ ಹುಡುಗನಿಗೂ ಪಾಸ್ ತೆಗೆದರೆ ಅದು ಬರೀ ದಂಡ. ಜೋರಿನ ರೈಡುಗಳಿಗೆ 140 ಸೆಂಟಿಮೀಟರ್ ಕನಿಷ್ಠ ಎತ್ತರ. ದೊಡ್ಡ ಕ್ಯೂ ನಿಲ್ಲುವುದೂ ಆ ರೈಡುಗಳ ಮುಂದೆಯೇ. ಆ ಹುಡುಗನನ್ನು ಹತ್ತಿಸುವ ರೈಡುಗಳ ಎದುರು ಪಾಸ್ ತೋರಿಸುವಷ್ಟು ಜನ ಸಾಮಾನ್ಯವಾಗಿ ಇರುವುದೇ ಇಲ್ಲ. ಅವನಿಗೆ ಮಕ್ಕಳ ಟಿಕೆಟ್ ಸಾಕು (85ರಿಂದ 140 ಸೆಂಟಿಮೀಟರ್ ವರೆಗೆ, ಅಲ್ಲಿ ವಯಸ್ಸು ಕೇಳುವುದಿಲ್ಲ, ಎತ್ತರವೇ ಲೆಕ್ಕ). ಅತ್ತೆಗೆ 60 ದಾಟಿದವರ ರಿಯಾಯಿತಿ ಉಂಟು, ವಯಸ್ಸಿನ ಗುರುತಿನ ಚೀಟಿ ಕೈಯಲ್ಲಿರಲಿ.

ಈಗ ಕ್ಯೂವಿನ ಲೆಕ್ಕ. ಉದಾಹರಣೆಗೆ 24 ಸೀಟಿನ ಒಂದು ತೂಗುವ ರೈಡ್ ತೆಗೊಳ್ಳಿ. ಓಟ ಎರಡೂವರೆ ನಿಮಿಷ. ಇಳಿಸಿ, ಹತ್ತಿಸಿ, ಭುಜದ ಮೇಲಿನ ಲಾಕ್ ಒಂದೊಂದಾಗಿ ಎಳೆದು ನೋಡಲಿಕ್ಕೆ ಮೂರು ನಿಮಿಷ. ಒಂದು ಸುತ್ತಿಗೆ ಐದೂವರೆ ನಿಮಿಷ ಅಂದರೆ ಗಂಟೆಗೆ ಹತ್ತಿರ ಹತ್ತಿರ 11 ಸುತ್ತು, 262 ಜನ. ನಿಮ್ಮ ಮುಂದೆ 200 ಜನ ಇದ್ದರೆ 46 ನಿಮಿಷ. ಇನ್ನು ಪಾಸಿನವರು ಪ್ರತಿ ಸುತ್ತಿನಲ್ಲೂ ಎಂಟು ಸೀಟು ಹಿಡಿದರೆ ಸಾದಾ ಕ್ಯೂವಿಗೆ ಉಳಿಯುವುದು 16. ಅದೇ 200 ಜನಕ್ಕೆ ಆಗ 69 ನಿಮಿಷ. ಪಾಸಿನವರಿಗೆ ಉಳಿದ ಹೊತ್ತು ಆಕಾಶದಿಂದ ಬಂದದ್ದಲ್ಲ, ಪಕ್ಕದ ಸಾಲಿನಿಂದ ಹೋದದ್ದು. ಹಾಗಾಗಿ ಪಾಸ್ ಹೆಚ್ಚು ಮಾರಾಟವಾದ ದಿನ ಪಾಸಿನ ಸಾಲೂ ಉದ್ದ ಆಗ್ತದೆ. ತಿರುಪತಿಯ 300 ರೂಪಾಯಿ ದರ್ಶನದ ಹಾಗೆಯೇ: ದುಡ್ಡು ಕೊಟ್ಟಾಗ ಕ್ಯೂ ಇಲ್ಲದೆ ಹೋಗುವುದಿಲ್ಲ, ಬೇರೆ ಕ್ಯೂ ಸಿಗ್ತದೆ ಅಷ್ಟೇ.

ಬಿಡದಿಯಲ್ಲಿ ಪಾಸಿನ ಪೂರ್ತಿ ಬೆಲೆ ಸಿಗುವುದು ರಿಕಾಯ್ಲ್ ರೈಡಿನಲ್ಲಿ. ಕಾರಣ ಅದರ ಹಳಿಯೇ. ಟ್ರೇನನ್ನು ಹಿಂದಕ್ಕೆ ಏರಿಗೆ ಎಳೆದು ಬಿಡ್ತಾರೆ, ಅದು ಸುರುಳಿ ಸುತ್ತಿ ಎದುರಿನ ಏರು ಹತ್ತಿ, ಅದೇ ಹಳಿಯಲ್ಲಿ ಹಿಮ್ಮುಖವಾಗಿ ವಾಪಸ್ ಬರ್ತದೆ. ಹಳಿಯ ಎರಡು ತುದಿ ಕೂಡುವುದಿಲ್ಲ. ಸಾದಾ ರೋಲರ್ ಕೋಸ್ಟರಿನಲ್ಲಿ ಒಂದು ಟ್ರೇನು ಓಡುವಾಗ ಇನ್ನೊಂದಕ್ಕೆ ಜನ ಹತ್ತಿಸಬಹುದು, ಇಲ್ಲಿ ಎರಡನೆಯದಕ್ಕೆ ಜಾಗವೇ ಇಲ್ಲ. ಓಟ ಎರಡು ನಿಮಿಷದ ಒಳಗೆ ಮುಗಿದರೂ ಹತ್ತಿಸಿ ಇಳಿಸುವಷ್ಟು ಹೊತ್ತು ಹಳಿ ಖಾಲಿ ನಿಲ್ತದೆ. ಜನ ಎಷ್ಟೇ ಇರಲಿ, ಗಂಟೆಗೆ ಹೋಗುವವರ ಸಂಖ್ಯೆ ಏರುವುದಿಲ್ಲ.

ಪಾಸ್ ಕೆಲಸಕ್ಕೆ ಬಾರದ ಜಾಗಗಳು: ವೇವ್ ಪೂಲ್, ಲೇಜಿ ರಿವರ್, ರೇನ್ ಡಿಸ್ಕೋ. ಅಲ್ಲಿ ಕ್ಯೂ ಅಂತಲೇ ಇಲ್ಲ, ನೀರಿಗೆ ಇಳಿದರೆ ಮುಗೀತು. ಲಾಕರ್, ಬಟ್ಟೆ ಬದಲಿಸುವ ಕೋಣೆ, ಊಟದ ಕೌಂಟರ್ ಇವುಗಳ ಮುಂದೆಯೂ ಪಾಸ್ ನಡೆಯುವುದಿಲ್ಲ. ದಿನದ ಅರ್ಧ ನೀರಲ್ಲೇ ಕಳೆಯುವ ಮನೆಯವರಾದರೆ ಪಾಸಿನ ಅರ್ಧ ದುಡ್ಡು ಅಲ್ಲೇ ಕರಗಿತು. ಬುಕ್ ಮಾಡುವ ಮೊದಲು ಪಾಸ್ ಯಾವ ರೈಡುಗಳಿಗೆ ಅನ್ವಯ, ಒಂದು ರೈಡಿಗೆ ಎಷ್ಟು ಸಲ ಅಂತ ಆ ದಿನದ ಪಟ್ಟಿ ಓದಿಕೊಳ್ಳಿ. ದರವೂ ದಿನದಿಂದ ದಿನಕ್ಕೆ ಬೇರೆ ಇರ್ತದೆ.

ಮಂಜೇಶ್ವರದ ಮಾಷ್ಟ್ರು:

ಮೇಲಿನವರ ಲೆಕ್ಕ ಸರಿ. ಆದರೆ ಕಾಸರಗೋಡಿನವರು ಪಾಸಿನ ಸುದ್ದಿಗೆ ಹೋಗುವ ಮೊದಲು ಕ್ಯಾಲೆಂಡರ್ ನೋಡಬೇಕು. ನಮ್ಮ ಕನ್ನಡ ಮೀಡಿಯಂ ಶಾಲೆಗೂ ರಜೆ ಕೇರಳದ್ದೇ. ಓಣಂಗೆ ಹತ್ತು ದಿನ ಬಾಗಿಲು ಹಾಕಿರ್ತದೆ, ಆ ಹೊತ್ತಿಗೆ ಕರ್ನಾಟಕದಲ್ಲಿ ಪಾಠ ನಡೀತಾ ಇರ್ತದೆ. ಅಕ್ಟೋಬರಿನಲ್ಲಿ ಉಲ್ಟಾ: ಅವರಿಗೆ ದಸರೆಗೆ ಉದ್ದದ ರಜೆ, ನಮಗೆ ನವರಾತ್ರಿಗೆ ಎರಡು ಮೂರು ದಿನ. ಹಾಗಾದರೆ ಓಣಂಗೆ ಕೊಚ್ಚಿಗೆ ಹೋಗುವುದು ಜಾತ್ರೆಗೆ ಹೋದ ಹಾಗೆ, ಅದೇ ವಾರದ ಮಂಗಳವಾರವೋ ಬುಧವಾರವೋ ಬಿಡದಿಗೆ ಹೋದರೆ ಪಾಸಿಲ್ಲದೆಯೇ ಸಲೀಸು. ಎಪ್ರಿಲ್ ಮೊದಲ ವಾರವೂ ಹಾಗೆಯೇ, ನಮ್ಮ ಶಾಲೆ ಮುಚ್ಚಿ ಆಗಿರ್ತದೆ, ಅವರದ್ದು ಮುಚ್ಚುವುದು ಎಪ್ರಿಲ್ 10ರ ಹೊತ್ತಿಗೆ.

ಎರಡು ಎಚ್ಚರಿಕೆ. ಚೌತಿ ಕೆಲವು ವರ್ಷ ಓಣಂ ಹತ್ತಿರವೇ ಬೀಳ್ತದೆ, ಪಂಚಾಂಗ ನೋಡದೆ ದಿನ ಗೊತ್ತು ಮಾಡಬೇಡಿ. ಇನ್ನು ಸಪ್ಪೆ ದಿನ ಅಂತ ಡಿಸೆಂಬರಿನ ಬುಧವಾರ ಹಿಡಿಯುವವರು ಇದ್ದಾರೆ. ಆಗ ಶಾಲಾ ಪ್ರವಾಸದ ಕಾಲ. ಬಸ್ಸು ಬಸ್ಸು ಮಕ್ಕಳು ಒಟ್ಟಿಗೆ ಬಂದು ಇಳೀತಾರೆ. ಆ ದಿನ ಮಾತ್ರ ಪಾಸ್ ತೆಗೊಂಡವನೇ ಬುದ್ಧಿವಂತ.

ಮುಳ್ಳೇರಿಯದಿಂದಾದರೆ ಸುಳ್ಯ–ಮಡಿಕೇರಿ–ಮೈಸೂರು ಮೇಲೆ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು ನಿಮಗೆ ದಾರಿಯಲ್ಲೇ ಸಿಗ್ತದೆ. ಆದರೆ ಹೊಸ ಹೆದ್ದಾರಿ ಬಿಡದಿ ಪೇಟೆಯನ್ನು ಬದಿಗೆ ಬಿಟ್ಟು ಬೈಪಾಸಿನಲ್ಲಿ ಹೋಗ್ತದೆ, ನಿದ್ದೆಯಲ್ಲಿದ್ದರೆ ಎಚ್ಚರಾಗುವುದು ಕೆಂಗೇರಿಯಲ್ಲೇ. ಬುಕ್ ಮಾಡುವಾಗಲೇ ಬಿಡದಿಯಲ್ಲಿ ನಿಲ್ಲಿಸ್ತಾರಾ ಕೇಳಿ. ಇಳಿಯುವುದು ನಸುಕಿಗೆ, ಗೇಟು ತೆರೆಯುವುದು ಹೊತ್ತೇರಿದ ಮೇಲೆ. ಅತ್ತೆಯವರು ಇರುವುದರಿಂದ ಅರ್ಧ ದಿನಕ್ಕಾದರೂ ರೂಮ್ ಬೇಕು.

ಪಯಸ್ವಿನಿ, ಮುಳ್ಳೇರಿಯ:

ಮಾಷ್ಟ್ರೇ, ಹಾಗಾದರೆ ಬಿಡದಿಯೇ ಸರಿ. ವಾರದ ದಿನವೇ ಹೋಗ್ತೇವೆ. ಆದರೂ ಅಲ್ಲಿ ಹೋಗಿ ಜನ ನೋಡಿದ ಮೇಲೆ ಪಾಸ್ ಬೇಕಾ ಬೇಡವಾ ಅಂತ ಹೇಗೆ ಅಂದಾಜು ಮಾಡುವುದು? ಕಣ್ಣಳತೆ ನಂಬ್ಲಿಕ್ಕಾಗುದಿಲ್ಲ.

ಕುಂಬಳೆ ಸೀಮೆ:

ಕಣ್ಣಳತೆ ಬೇಡ, ಎಣಿಸಿ. ರೈಡಿನ ಕ್ಯೂ ಕಂಬಿಗಳ ನಡುವೆ ಹಾವಿನ ಹಾಗೆ ಮಡಚಿಕೊಂಡಿರ್ತದೆ. ಒಂದು ಮಡಿಕೆಯಲ್ಲಿ ಎಷ್ಟು ಜನ ಅಂತ ಎಣಿಸಿ, ತುಂಬಿದ ಮಡಿಕೆಗಳಿಂದ ಗುಣಿಸಿ. ಮತ್ತೆ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ. ಒಂದು ಸಲ ರೈಡ್ ಹೊರಟಲ್ಲಿಂದ ಮುಂದಿನ ಸಲ ಹೊರಡುವವರೆಗೆ, ಹೀಗೆ ಎರಡು ಸುತ್ತು ನೋಡಿ. ಹೊರಟಲ್ಲಿಂದ ನಿಲ್ಲುವವರೆಗೆ ಅಳೆದರೆ ಲೆಕ್ಕ ತಪ್ಪುತ್ತದೆ, ಹತ್ತಿಸುವ ಹೊತ್ತೇ ಹೆಚ್ಚು. ಖಾಲಿ ಹೋಗುವ ಸೀಟನ್ನೂ ಗಮನಿಸಿ. ಮೂರು ಜನ ಬಂದವರು ನಾಲ್ಕರ ಸಾಲಿನಲ್ಲಿ ಕೂತರೆ ಒಂದು ಸೀಟು ಹೋಯ್ತು. ಹೀಗೆ ಹೆಸರಿಗೆ 24 ಇದ್ದದ್ದು ನಿಜದಲ್ಲಿ 20 ಆಗ್ತದೆ. ನೀವೊಬ್ಬರೇ ಇದ್ದರೆ ಆ ಖಾಲಿ ಸೀಟಿಗೆ ನಿಮ್ಮನ್ನು ಕರೆಯುವುದೂ ಉಂಟು, ಆಪರೇಟರನ ಮುಖ ನೋಡ್ತಾ ಇರಬೇಕು.

ಕ್ಯೂವಿನ ಜನವನ್ನು ಸೀಟಿನಿಂದ ಭಾಗಿಸಿ, ಒಂದು ಸುತ್ತಿನ ನಿಮಿಷದಿಂದ ಗುಣಿಸಿ. ಪಾಸಿನಿಂದ ಅದರಲ್ಲಿ ಉಳಿಯುವ ನಿಮಿಷವನ್ನು ನೀವು ಹತ್ತುವ ರೈಡುಗಳಿಗೆಲ್ಲ ಕೂಡಿಸಿ, ಪಾಸಿನ ಹೆಚ್ಚುವರಿ ದುಡ್ಡನ್ನು ಆ ಹೊತ್ತಿನಿಂದ ಭಾಗಿಸಿ. ಐದು ರೈಡಿನಲ್ಲಿ ತಲಾ 30 ನಿಮಿಷ ಉಳಿದರೆ ಎರಡೂವರೆ ಗಂಟೆ. ಹೆಚ್ಚುವರಿ 1000 ರೂಪಾಯಿ ಅಂತ ಇಟ್ಟರೆ (ಇದು ಲೆಕ್ಕಕ್ಕೆ ಇಟ್ಟ ಅಂಕೆ, ದರ ಅಲ್ಲ) ಗಂಟೆಗೆ 400 ಬಿತ್ತು. ತಲಾ 10 ನಿಮಿಷ ಮಾತ್ರ ಉಳಿಯುವುದಾದರೆ ಗಂಟೆಗೆ 1200. ಆಮೇಲೆ ನಿಮ್ಮ ಇಷ್ಟ.

ಸಪ್ಪೆ ದಿನದ ದಾರಿ ಇಷ್ಟೇ: ಗೇಟು ತೆರೆಯುವ ಅರ್ಧ ಗಂಟೆ ಮೊದಲು ಅಲ್ಲಿರಿ, ಟಿಕೆಟ್ ಆನ್‌ಲೈನ್ ಆಗಿರಲಿ. ಒಳಗೆ ಹೋದವರು ಹೆಚ್ಚಾಗಿ ಕಣ್ಣಿಗೆ ಬಿದ್ದ ಮೊದಲ ರೈಡಿಗೇ ಮುಗಿಬೀಳ್ತಾರೆ. ನೀವು ಸೀದಾ ರಿಕಾಯ್ಲ್‌ಗೆ ನಡೀರಿ. ಜನ ನೀರಿಗೆ ಇಳಿಯುವ ಮಧ್ಯಾಹ್ನದ ಹೊತ್ತಿಗೆ ಒಣ ರೈಡುಗಳ ಮುಂದೆ ಜಾಗ ಆಗ್ತದೆ, ಆಗ ಉಳಿದವು. ಊಟ 12ಕ್ಕೇ ಮುಗಿಸಿ ಅಥವಾ ಎರಡೂವರೆಗೆ ಮಾಡಿ, ಒಂದರ ಹೊತ್ತಿಗೆ ಬೇಡ. ನೀರಿಗೆ ನೈಲಾನ್ ಬಟ್ಟೆಯೇ ಬೇಕು, ಹತ್ತಿ ಬಟ್ಟೆಗೆ ಬಿಡುವುದಿಲ್ಲ. ಮನೆಯಿಂದಲೇ ತನ್ನಿ, ಇಲ್ಲದಿದ್ದರೆ ಅಲ್ಲಿನ ಅಂಗಡಿಯ ಮುಂದೆ ಇನ್ನೊಂದು ಕ್ಯೂ.

ಸೊಲ್ಲಾಪುರದಾವ:

ಅಕ್ಕಾರ, ನಮ್ಮ ಕಡೆ ಮಂದಿಗೆ ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ ಪಾರ್ಕ್ ಹತ್ರ, ಅಲ್ಲೂ ಎಕ್ಸ್‌ಪ್ರೆಸ್ ಪಾಸ್ ಅಂತ ಐತಿ. ಇದನ್ನ ಓದೋ ಗಡಿ ಕಡಿಯವರಿಗೆ ಉಪಯೋಗ ಆಗ್ಲಿ ಅಂತ ಬರ್ಯಾಕತ್ತೀನಿ.

ಅಲ್ಲಿ ರೈಡಿನ್ಯಾಗ ಎರಡು ಜಾತಿ. ಮಿಸ್ಟರ್ ಇಂಡಿಯಾ, ಐ ಫಾರ್ ಇಂಡಿಯಾ ಇವು ಒಳಗ ಕುಂತು ಪರದೆ ನೋಡೋವು, ಸಿನಿಮಾ ಟಾಕೀಸಿನ ಹಂಗ ಒಂದು ಗುಂಪು ಒಳಗ ಹೋದರ ಮತ್ತೊಂದು ಗುಂಪು ಬಾಗಿಲಿಗೆ ನಿಲ್ತದ. ಪಾಸ್ ಇದ್ರೂ ಆ ಆಟ ಮುಗಿಯೋ ತನಕ ನಿಲ್ಲಬೇಕು, ಉಳಿಯೋದು ಬಾಳ ಆದ್ರ ಒಂದು ಆಟದ ಹೊತ್ತು. ಪಾಸ್ ಕೆಲಸಾ ಮಾಡೋದು ನೈಟ್ರೋ, ಡೀಪ್ ಸ್ಪೇಸ್, ಸ್ಕ್ರೀಮ್ ಮಷೀನ್ ಇಂಥವಕ್ಕ. ನೈಟ್ರೋಕ್ಕ ಕಾಲಡಿ ಹಲಗಿ ಇಲ್ಲ, ಕಾಲು ಜೋತಾಡ್ತಾವ. ಚಪ್ಪಲಿ ಹಾಕ್ಕೊಂಡು ಹೋದವರು ಮಂಚಿಗಿ ಮ್ಯಾಲೆ ಬಿಚ್ಚಿಡಾಕ ನಿಂತರ ಹಿಂದಿನವರಿಗೂ ತಡಾ, ಬಿಗಿ ಬೂಟು ಹಾಕ್ಕೋರಿ. ವಾಟರ್ ಪಾರ್ಕಿನ ಟಿಕೆಟ್ ಬ್ಯಾರೆ, ಥೀಮ್ ಪಾರ್ಕಿನ ಪಾಸ್ ಹಿಡ್ಕೊಂಡು ಅಲ್ಲಿ ಹೋಗಬ್ಯಾಡ್ರಿ.

ಮಳಿಗಾಲದಾಗ ಪಾಸ್ ತಗೊಳ್ಳಾಕ ಹೋಗಬ್ಯಾಡ್ರಿ ಅಂತೀನಿ. ಖೋಪೋಲಿ ಘಾಟಿನ ಬುಡಕ ಐತಿ, ಜೂನ್‌ದಿಂದ ಸಪ್ಟೆಂಬರ್ ತನಕ ಮಳಿ ಹೊಡಿತದ. ಜೋರು ಮಳಿ, ಸಿಡಿಲು ಬಂದ್ರ ಬಯಲಿನ ಕೋಸ್ಟರ್ ನಿಲ್ಲಸ್ತಾರ. ನೀವು ಹೆಚ್ಚಿನ ರೊಕ್ಕಾ ಕೊಟ್ಟಿದ್ದು ಅದಕ್ಕ, ನಿಂತಿದ್ದೂ ಅದಾ. ಮಾಷ್ಟರು ಹೇಳಿದ ಕ್ಯಾಲೆಂಡರಿನ ಮಾತು ನಮಗೂ ಹೊಂದತದ: ಸೊಲ್ಲಾಪುರದ ಸಾಲಿ ಶುರು ಆಗೋದು ಜೂನ್ ಮಧ್ಯಕ್ಕ, ಕರ್ನಾಟಕದ್ದು ಜೂನ್ ಹುಟ್ಟೂದರಾಗ ಶುರು ಆಗಿರ್ತದ. ಆ ಹದಿನೈದು ದಿನದಾಗ ಬೆಂಗಳೂರು ಕಡೆ ಬಂದ್ರ ನಮ್ಮ ಮಕ್ಕಳಿಗೆ ರಜಾ, ಅಲ್ಲಿಯವರಿಗೆ ಸಾಲಿ.

ಚಂದ್ರಗಿರಿ ತೀರ:

ಒಂದು ವಿಷಯ ಯಾರೂ ಹೇಳ್ಲಿಲ್ಲ. ಕ್ಯೂ ಅಂದರೆ ಹೊಟ್ಟೆಗೆ ವಿಶ್ರಾಂತಿ. ಪಾಸ್ ಇದ್ದವರು ತಿರುಗುವುದು, ತೂಗುವುದು, ಬುಡಮೇಲಾಗುವುದು ಎಲ್ಲ ಅರ್ಧ ಗಂಟೆಯೊಳಗೆ ಹತ್ತಿ ಮೂರನೆಯದರಲ್ಲಿ ಕಕ್ಕುತ್ತಾರೆ. ಕಿವಿಯೊಳಗಿನ ಸಮತೋಲದ ದ್ರವ ಶರೀರ ನಿಂತರೂ ಕೂಡಲೇ ನಿಲ್ಲುವುದಿಲ್ಲ, ಕಣ್ಣು ಒಂದು ಹೇಳ್ತದೆ, ಕಿವಿ ಇನ್ನೊಂದು. ಗರಗರ ತಿರುಗುವ ಎರಡು ರೈಡುಗಳ ನಡುವೆ ಇಪ್ಪತ್ತು ನಿಮಿಷವಾದರೂ ಬಿಡಿ. ಬೆಳಿಗ್ಗೆ ಎರಡು ಇಡ್ಲಿ ಸಾಕು, ಪುಟ್ಟು ಕಡಲೆ ವಾಪಸ್ ಬಂದ ಮೇಲೆ.

ಪಾಸಿನ ಕೋಡ್ ಮೊಬೈಲಿನಲ್ಲಿ ಮಾತ್ರ ಇಟ್ಟುಕೊಂಡು ಮೊಬೈಲನ್ನು ಲಾಕರಿನಲ್ಲಿ ಹಾಕಿ ನೀರಿಗೆ ಇಳಿಯುವುದೂ ಮಾಮೂಲಿ ಎಡವಟ್ಟು. ಕೈಗೆ ಕಟ್ಟುವ ಪಟ್ಟಿ ಕೊಟ್ಟರೆ ಅದನ್ನು ಸಡಿಲ ಕಟ್ಟಿಸಬೇಡಿ, ನೀರಿನಲ್ಲಿ ಜಾರ್ತದೆ.

ಪೆರ್ಲ ಪೇಟೆ:

ದುಡ್ಡಿದ್ದವ ಮುಂದೆ, ಇಲ್ಲದವ ಬಿಸಿಲಲ್ಲಿ. ಇದಕ್ಕೂ ಇಷ್ಟು ಲೆಕ್ಕವಾ?

ಕುಂಬಳೆ ಸೀಮೆ:

ಕೋಪ ನ್ಯಾಯವೇ ಮಾರಾಯ್ರೇ. ಡಿಸ್ನಿಯವರು 1999ರಲ್ಲಿ ಶುರು ಮಾಡಿದ ಫಾಸ್ಟ್‌ಪಾಸ್ ಪುಕ್ಕಟೆ ಇತ್ತು. ಚೀಟಿಯಲ್ಲಿ ಹೊತ್ತು ಬರೆದು ಕೊಡ್ತಿದ್ದರು, ಆ ಹೊತ್ತಿಗೆ ಬಂದರೆ ಆಯ್ತು, ನಡುವೆ ಬೇರೆ ಕಡೆ ತಿರುಗಬಹುದು. ಅಮೆರಿಕದ ಪಾರ್ಕುಗಳಲ್ಲಿ 2021ರಲ್ಲಿ ಅದು ಹೋಗಿ ದುಡ್ಡಿನ ಲೈಟ್ನಿಂಗ್ ಲೇನ್ ಬಂತು. ಸಿಂಗಾಪುರದ ಯುನಿವರ್ಸಲ್‌ನಲ್ಲಿ ಸಾದಾ ಎಕ್ಸ್‌ಪ್ರೆಸ್ ಅಂದರೆ ಒಂದು ರೈಡಿಗೆ ಒಂದೇ ಸಲ, ಎಷ್ಟು ಸಲ ಬೇಕಾದರೂ ಹೋಗ್ಲಿಕ್ಕೆ ಅನ್‌ಲಿಮಿಟೆಡ್ ಬೇರೆ. ಗಲ್ಫಿನಿಂದಲೋ ಇಲ್ಲಿಂದಲೋ ಅಲ್ಲಿಗೆ ಹೋಗುವವರು ಆ ಒಂದು ಶಬ್ದ ನೋಡಿಯೇ ಬುಕ್ ಮಾಡಿ.

ಪಯಸ್ವಿನಿ, ಮುಳ್ಳೇರಿಯ:

ತೀರ್ಮಾನ ಆಯ್ತು. ಬಿಡದಿ, ಬುಧವಾರ, ಸಾದಾ ಟಿಕೆಟ್. ಜನ ಹೆಚ್ಚಿದ್ದರೆ ಮಗಳಿಗೂ ತಮ್ಮನಿಗೂ ಮಾತ್ರ ಪಾಸ್, ಹುಚ್ಚು ರೈಡ್ ಬೇಕಾದದ್ದು ಅವರಿಬ್ಬರಿಗೇ. ಹಿಂತಿರುಗುವ ಬಸ್ಸಿಗೆ ಸೀಟು ಸಿಗ್ತದಾ ಓಣಂ ಹೊತ್ತಿಗೆ?

ಮಂಜೇಶ್ವರದ ಮಾಷ್ಟ್ರು:

ತಿರುವೋಣಂ ಮುಂಚಿನ ಎರಡು ಮೂರು ದಿನ ಬೆಂಗಳೂರಿನಿಂದ ಕೇರಳ ಕಡೆಗೆ ಸೂಜಿ ಹಾಕ್ಲಿಕ್ಕೆ ಜಾಗ ಇರುವುದಿಲ್ಲ, ಹಬ್ಬ ಮುಗಿದ ಮೇಲೆ ರಶ್ಶು ತಿರುಗಿ ಬೆಂಗಳೂರಿಗೆ. ಹಬ್ಬದ ಮೊದಲು ಹೋಗಿ ಹಬ್ಬ ಕಳೆದು ಬಂದರೆ ಎರಡೂ ಸಲ ನೀವು ಗುಂಪಿನ ಎದುರು ದಿಕ್ಕಿಗೆ. ನಡುವಿನ ದಿನಗಳಿಗೆ ಮೈಸೂರು ಉಂಟಲ್ಲ.

ಇನ್ನು ಮಗಳ 141 ಯಾವಾಗ ಅಳೆದದ್ದು? ಶಾಲೆಯಲ್ಲಿ ಬೂಟು ಹಾಕಿ ಅಳೆದದ್ದಾದರೆ ನಂಬಬೇಡಿ. ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ, ಜುಟ್ಟು ಬಿಚ್ಚಿಸಿ, ತಲೆಯ ಮೇಲೆ ಪುಸ್ತಕ ಅಡ್ಡ ಇಟ್ಟು ಗೆರೆ ಹಾಕಿ ಅಳೆಯಿರಿ. 139 ಬಂದರೆ ಅವಳಿಗೆ ಮಕ್ಕಳ ಟಿಕೆಟೇ ಸಾಕು, ಪಾಸ್ ತಮ್ಮನಿಗೆ ಒಂದೇ.