ತಲೆಪೆಟ್ಟು, ಹೋದ ನೆನಪು, ಕಾಣೆಯಾದ ಗೆಳತಿ: ಹದಿಹರೆಯದವರ ಕಾದಂಬರಿಗೆ ಈ ಕಥೆ ನಿಲ್ತದೇನ್ರಿ?

ಕೆರಿದಂಡಿ (ಪ್ರಶ್ನೆ):
ಹದಿಹರೆಯದವರು ಓದೋ ಸಸ್ಪೆನ್ಸ್ ಕಾದಂಬರಿ ಬರಿಯಾಕತ್ತೀನ್ರಿ. ಪಿಯುಸಿ ಎರಡನೇ ವರ್ಷದ ಇಬ್ಬರು ಗೆಳತ್ಯಾರು, ಇಬ್ರಿಗೂ 17. ಟ್ಯೂಷನ್ ಮುಗಿಸಿ ಸ್ಕೂಟಿ ಮ್ಯಾಲೆ ಉಣಕಲ್ ಕೆರಿ ಕಡೆ ಹೊಂಟಾಗ ಅಪಘಾತ. ನಾಯಕಿಗೆ ಹುಬ್ಬಳ್ಳಿ ಕಿಮ್ಸ್‌ನ್ಯಾಗ ಎಚ್ಚರ ಆಗ್ತದ. ಗೆಳತಿ ಎಲ್ಲೂ ಇಲ್ಲ. ನಾಯಕಿಗೆ ತನ್ನ ಹೆಸರು, ಅವ್ವ-ಅಪ್ಪ ಯಾರನ್ನೋದೂ ನೆನಪಿಲ್ಲ. ಕೊನೆ ಅಧ್ಯಾಯದಾಗ ಅದೇ ಜಾಗಕ್ಕ ಹೋಗಿ ನಿಂತಾಗ ಎಲ್ಲಾ ಒಮ್ಮೆಲೇ ನೆನಪಾಗಿ ಗುಟ್ಟು ಬಿಚ್ಚಿಕೊಳ್ತದ. ಆಸ್ಪತ್ರೆ, ಪೊಲೀಸ್ ತನಿಖೆ ಎರಡರ ಲೆಕ್ಕದಾಗೂ ಇದು ಸರಿ ಅದನ? ನಾಯಕಿನೇ 'ನಾನು' ಅಂತ ಹೇಳೋ ಕಥೆರಿ ಇದು.

ಮಿದುಳು_ಮಾತು:
ಎಳೆ ಗಟ್ಟಿ ಇದೆ, ಎರಡು ಕಡೆ ಮಾತ್ರ ಹರಿಯುತ್ತದೆ.

ತಲೆಗೆ ಪೆಟ್ಟು ಬಿದ್ದವರು ಎಚ್ಚರವಾದ ಮೇಲೂ ತಮ್ಮ ಹೆಸರು, ಹೆತ್ತವರನ್ನು ಮರೆತಿರುವುದು ತೀರಾ ಅಪರೂಪ. ತಾನು ಯಾರೆಂಬುದೇ ಅಳಿಸಿಹೋಗುವ ಮರೆವು ಹೆಚ್ಚಾಗಿ ತೀವ್ರ ಮಾನಸಿಕ ಆಘಾತದ್ದು. ಅದನ್ನೇ ಇಟ್ಟುಕೊಳ್ಳುವುದಾದರೆ ಕಥೆ ಮನೋವೈದ್ಯರ ಕಡೆ, ಅಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕಡೆ ಹೊರಳಬೇಕು. ತಲೆಪೆಟ್ಟಿನಲ್ಲಿ ಇತ್ತೀಚಿನ ನೆನಪು ಮೊದಲು ಹೋಗುತ್ತದೆ, ಹಳೆಯದು ಉಳಿಯುತ್ತದೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋ 1881ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ನಿಮ್ಮ ನಾಯಕಿಗೆ ಅವ್ವನ ಮುಖ, ಹಳೇ ಮನೆಯ ಅಂಗಳ, ಸ್ಕೂಟಿ ಓಡಿಸುವ ಕೈಚಳಕ ಎಲ್ಲವೂ ಇರಲಿ. ಅಪಘಾತದ ಹಿಂದಿನ ಕೆಲವು ದಿನ ಮಾತ್ರ ಇಲ್ಲದಿರಲಿ.

ಕೊನೆಯ ಅಧ್ಯಾಯವಂತೂ ಬದಲಾಗಲೇಬೇಕು. ಡಿಕ್ಕಿಗೆ ತುಸು ಮುಂಚಿನ ಕ್ಷಣಗಳು ಸಾಮಾನ್ಯವಾಗಿ ಎಂದೂ ಮರಳುವುದಿಲ್ಲ. ಅವು ಮಿದುಳಿನಲ್ಲಿ ಬೇರೂರುವ ಮೊದಲೇ ಪೆಟ್ಟು ಬಿದ್ದಿರುತ್ತದೆ. ಉಳಿದೇ ಇಲ್ಲದ್ದು ಜಾಗ ನೋಡಿದರೆ ಹೇಗೆ ಬಂದೀತು? ಮರಳುವ ನೆನಪು ಕೂಡ ಹಳೆಯ ತುದಿಯಿಂದ ಅಪಘಾತದ ಕಡೆಗೆ ತುಣುಕು ತುಣುಕಾಗಿ ಬರುತ್ತದೆ.

ನೀವು ಬಳಸದೇ ಬಿಟ್ಟಿರುವುದು ಅಪಘಾತದ ನಂತರದ ಗಂಟೆಗಳನ್ನು. ಆಗ ರೋಗಿ ಕಣ್ಣು ಬಿಟ್ಟಿರುತ್ತಾಳೆ, ಮಾತಾಡುತ್ತಾಳೆ, ಐದೈದು ನಿಮಿಷಕ್ಕೆ ಅದೇ ಪ್ರಶ್ನೆ ಕೇಳುತ್ತಾಳೆ, ಏನೂ ದಾಖಲಾಗುವುದಿಲ್ಲ. ಈ ಮಸುಕು ಒಂದು ದಿನದೊಳಗೆ ಕಳೆದರೆ ಸೌಮ್ಯ ಪೆಟ್ಟು ಎನ್ನುತ್ತಾರೆ. ರೋಗಿಗೆ ಎಷ್ಟು ಎಚ್ಚರವಿದೆ ಎಂದು ನೋಡುವ ಗ್ಲಾಸ್ಗೋ ಕೋಮಾ ಅಳತೆಯಲ್ಲಿ 15ಕ್ಕೆ 14 ಇರಬಹುದು, ಸಿಟಿ ಸ್ಕ್ಯಾನ್ ಪೂರ್ತಿ ಸಹಜವಾಗಿಯೂ ಇರಬಹುದು. ಗೆಳತಿ ಎಲ್ಲಿಗೆ ಹೋದಳೆಂದು ನಾಯಕಿ ಆ ಹೊತ್ತಿನಲ್ಲಿ ಯಾರಿಗೋ ಹೇಳಿಬಿಟ್ಟಿದ್ದರೆ? ಕೇಳಿದವರಿಗೆ ಗೊತ್ತು, ಹೇಳಿದವಳಿಗೆ ಗೊತ್ತಿಲ್ಲ. ಇಡೀ ಕಾದಂಬರಿಯನ್ನು ಎಳೆಯಬಲ್ಲ ಎತ್ತು ಇದು.

ಹಳೇ_ಎಫ್ಐಆರ್:
ಪೊಲೀಸ್ ಭಾಗ ನಾ ಹೇಳ್ತೀನಿ. ಸಿನಿಮಾದಾಗ ತೋರಿಸ್ದಂಗ '24 ತಾಸು ಕಾಯ್ರಿ' ಅಂತ ಇನ್‌ಸ್ಪೆಕ್ಟರ್ ಬಾಯಾಗ ಹಾಕಬ್ಯಾಡ್ರಿ. ಕಾಣೆಯಾದಾಕಿಗೆ 18 ತುಂಬಿಲ್ಲಂದ್ರ ಎಫ್ಐಆರ್ ಹಾಕಲೇಬೇಕು, ಅಪಹರಣ ಅಂತ ಹಿಡಿದು ತನಿಖೆ ಸುರು ಮಾಡಬೇಕು. 2013ರ ಮೇ ತಿಂಗಳಾಗ ಸುಪ್ರೀಂ ಕೋರ್ಟ್ ಹೇಳಿದ್ದು. ಈಗ ಭಾರತೀಯ ನ್ಯಾಯ ಸಂಹಿತೆ 137ನೇ ಕಲಂ ಹಚ್ತಾರ. ನಾಲ್ಕು ತಿಂಗಳಾದ್ರೂ ಸಿಗಲಿಲ್ಲಂದ್ರ ಕೇಸು ಮಾನವ ಸಾಗಣೆ ತಡೆ ಘಟಕಕ್ಕ ಹೋಗ್ತದ. ಹುಡುಗಿ ಹೇಳಿಕೆ ಬೇಕಂದ್ರ ಠಾಣೆಗೆ ಕರೆಸೋಹಂಗಿಲ್ಲ, ಆಕಿ ಇದ್ದಲ್ಲೇ ಹೋಗಿ ತಗೋಬೇಕು. ಅಪಘಾತ ಅಂದ ಮ್ಯಾಲೆ ಆಸ್ಪತ್ರೆಯವರು ಎಂಎಲ್‌ಸಿ (ಕಾನೂನಿಗೆ ಸಂಬಂಧಪಟ್ಟ ವೈದ್ಯಕೀಯ ಪ್ರಕರಣ ಅಂತ) ಬರೆದು ಠಾಣೆಗೆ ತಿಳಿಸೇ ತಿಳಿಸ್ತಾರ. ಹಿಂಗಾಗಿ ಪೊಲೀಸರು ಮೂರನೇ ಅಧ್ಯಾಯಕ್ಕ ಬಂದ್ರ ತಡ ಆತು, ಮೊದಲನೇದ್ರಾಗೇ ಬರಬೇಕು.

ಇನ್ನೊಂದು, ಇದನ್ನ ಬಿಡಬ್ಯಾಡ್ರಿ. 17ರ ಹುಡುಗಿ ಗಾಡಿ ಓಡಿಸಿದ್ರ ಮೋಟಾರು ವಾಹನ ಕಾಯ್ದೆ 199ಎ ಪ್ರಕಾರ ಪಾಲಕರು ಇಲ್ಲಾ ಗಾಡಿ ಮಾಲೀಕರು ತಪ್ಪಿತಸ್ಥರು: 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು, ಒಂದು ವರ್ಷ ಗಾಡಿ ನೋಂದಣಿ ರದ್ದು. ಅಪ್ಪ ಏನು ಮಾಡ್ತಾನ? 'ನೀ ಹಿಂದ ಕುಂತಿದ್ದಿ, ಓಡಿಸಾಕತ್ತಿದ್ದು ಆಕಿ' ಅಂತ ಮಗಳಿಗೆ ನಾಕು ಸಲ ಹೇಳ್ತಾನ. ಪಾಪ, ಮಗಳನ್ನ ಉಳಿಸಬೇಕಂತ್ಲೇ ಹೇಳ್ತಾನ.

ಸಿಸಿ ಟಿವಿ ಬಗ್ಗೆ: ಚಿತ್ರ ತುಂಬಿಡೋ ಪೆಟ್ಟಿಗಿ, ಅಂದ್ರ ಅಂಗಡಿ ಡಿವಿಆರ್‌ನ್ಯಾಗ ಡಿಸ್ಕ್ ತುಂಬಿದಂಗ ಹಳೇದರ ಮ್ಯಾಲೆ ಹೊಸಾದು ಬರೀತದ. ನಾಯಕಿ ಮೈ ಸುಧಾರಿಸಿ ಹೊರಗ ಬರೋದ್ರಾಗ ಅರ್ಧ ಹೋಗಿರ್ತದ. ಗಡಿಯಾರನೂ ಬರೋಬ್ಬರಿ ಇರಂಗಿಲ್ಲ, 10-15 ನಿಮಿಷ ಹಿಂದ-ಮುಂದ ಇರ್ತದ. ಹುಬ್ಬಳ್ಳಿ-ಧಾರವಾಡ ನಡುವ ಓಡೋ ಚಿಗರಿ ಬಸ್ಸಿನ ಟಿಕೆಟಿನ ಹೊತ್ತಿಗೆ ಅದನ್ನ ತಾಳೆ ಹಚ್ಚಿದ್ರ ಯಾರ್ದೋ ಸುಳ್ಳು ಸಿಕ್ಕಿಬೀಳ್ತದ. ಮೊಬೈಲ್ ಟವರ್ ಅಂತೂ ಉಣಕಲ್, ವಿದ್ಯಾನಗರದ ಸುತ್ತಮುತ್ತ ಅಂತ ತೋರಿಸ್ತದ ಅಷ್ಟ, ಕೆರಿ ಯಾವ ದಂಡಿ ಅಂತ ಹೇಳಂಗಿಲ್ಲ.

ಮಿದುಳು_ಮಾತು:
ಮೇಲಿನವರು ಹೇಳಿದ ಅಪ್ಪನ ಮಾತು ಬಹಳ ಮುಖ್ಯ. 1974ರಲ್ಲಿ ಮನಶ್ಶಾಸ್ತ್ರ ಸಂಶೋಧಕರಾದ ಲಾಫ್ಟಸ್ ಮತ್ತು ಪಾಮರ್ ಜನರಿಗೆ ಕಾರು ಅಪಘಾತದ ತುಣುಕು ಚಿತ್ರ ತೋರಿಸಿದರು. 'ಅಪ್ಪಳಿಸಿದಾಗ ಎಷ್ಟು ವೇಗವಿತ್ತು' ಎಂದು ಕೇಳಿಸಿಕೊಂಡ 50 ಜನರಲ್ಲಿ 16 ಮಂದಿ ವಾರದ ನಂತರ ಒಡೆದ ಗಾಜು ನೋಡಿದೆವು ಎಂದರು. 'ತಾಗಿದಾಗ' ಎಂದು ಕೇಳಿಸಿಕೊಂಡ 50ರಲ್ಲಿ 7 ಮಂದಿ. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ನೆನಪಿನಲ್ಲಿ ಖಾಲಿ ಜಾಗವಿರುವ ಹುಡುಗಿಗೆ ಅಪ್ಪನ ಮಾತು ತನ್ನದೇ ನೆನಪಾಗಿ, ಬಣ್ಣ, ಸದ್ದು ಸಮೇತ ಕೂತುಬಿಡಬಹುದು.

ಕೆರಿದಂಡಿ:
ಅಂದ್ರ ಆಕಿ 'ನಾನು ಹಿಂದ ಕುಂತಿದ್ದೆ' ಅಂತ ಖರೇನೇ ನಂಬಿ ಹೇಳ್ತಾಳ. ಆದ್ರ ಓದುಗರಿಗೆ ಮೋಸ ಆತು ಅನ್ನಿಸಬಾರದಲ್ರಿ?

ಕರಡು_ತಿದ್ದುವವ:
ಸುಳಿವು ಮೊದಲ ಇಪ್ಪತ್ತು ಪುಟದೊಳಗೆ ಇದ್ದರೆ ಮೋಸ ಅನ್ನಿಸುವುದಿಲ್ಲ. ಎಚ್ಚರವಾದ ತಕ್ಷಣದ ದೃಶ್ಯದಲ್ಲೇ ಬಲಗೈ ಬೆರಳುಗಳು ತಾವಾಗಿ ಮಡಚಿ ಮುಷ್ಟಿ ಹಿಂದಕ್ಕೆ ತಿರುಗಲಿ, ಆಕ್ಸಿಲರೇಟರ್ ತಿರುವಿದ ಹಾಗೆ. ಅದು ಯಾಕೆ ಅಂತ ಆಕೆಗೂ ಗೊತ್ತಾಗದಿರಲಿ, ನೀವೂ ವಿವರಿಸಬೇಡಿ. ಆಮೇಲೆ ಕೈಗೆ ಬಂದ ಸಾಮಾನಿನ ಚೀಲದಲ್ಲಿ ಒಂದೇ ಹೆಲ್ಮೆಟ್ ಇರಲಿ, ಅದರ ಪಟ್ಟಿ ಆಕೆಯ ಗದ್ದಕ್ಕೆ ಸರಿಯಾಗಿ ಹೊಂದಲಿ.

ಅಪ್ಪನ ಮಾತನ್ನು ಮೊದಲು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ನಾಲ್ಕು ಅಧ್ಯಾಯ ದಾಟಿದ ಮೇಲೆ ಅದೇ ವಾಕ್ಯ, ಅದೇ ಪದಗಳಲ್ಲಿ, ಚಿಹ್ನೆಯಿಲ್ಲದೆ ಆಕೆಯ ಮಾತಾಗಿ ಬರಲಿ. ಚುರುಕು ಓದುಗ ಅಲ್ಲೇ ಹಿಡಿಯುತ್ತಾನೆ, ಉಳಿದವರು ಎರಡನೇ ಓದಿನಲ್ಲಿ. ಕೊನೆಗೆ ಕೆರೆಯ ದಂಡೆಯಲ್ಲಿ ಆಕೆಗೆ ಏನೂ ನೆನಪಾಗದಿರಲಿ. ಟಿಕೆಟ್, ಡಿವಿಆರ್ ಹೊತ್ತು, ಹೆಲ್ಮೆಟ್ ಮೂರನ್ನೂ ಕೂಡಿಸಿ, ಓಡಿಸುತ್ತಿದ್ದವಳು ತಾನೇ ಎಂದು ಆಕೆಯೇ ಲೆಕ್ಕ ಹಾಕಿ ತಿಳಿಯಲಿ. ಗೆಳತಿ ಯಾಕೆ ಎದ್ದು ಹೋದಳು ಅನ್ನುವುದನ್ನು ಮಾತ್ರ ಗೆಳತಿಯ ಬಾಯಿಂದಲೇ ಹೇಳಿಸಿ, ಅದು ನಾಯಕಿಗೆ ಮೊದಲೂ ಗೊತ್ತಿದ್ದ ವಿಷಯ ಆಗಿರಬಾರದು.