ತಾಮ್ರಕ್ಕೆ ನೈಟ್ರಿಕ್ ಆಮ್ಲ ಹಾಕಿದರೆ ಹೈಡ್ರೋಜನ್ ಯಾಕೆ ಬರಲ್ಲ?

ಪ್ರಶ್ನೆ (ಪಿಯುಸಿ ವಿದ್ಯಾರ್ಥಿನಿ): ಮೇಡಂ, ಸತುವಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಹೈಡ್ರೋಜನ್ ಬರುತ್ತದೆ. ತಾಮ್ರಕ್ಕೆ ಹಾಕಿದರೆ ಏನೂ ಆಗುವುದಿಲ್ಲ. ಆದರೆ ನೈಟ್ರಿಕ್ ಆಮ್ಲದಲ್ಲಿ ಅದೇ ತಾಮ್ರ ಕರಗಿ ಕಂದು ಹೊಗೆ ಬರುತ್ತದೆ. ಹೈಡ್ರೋಜನ್ ಎಲ್ಲಿ ಹೋಯಿತು?

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕಿ): ಒಳ್ಳೆಯ ಪ್ರಶ್ನೆ ಪುಟ್ಟಿ. ಲೋಹ ಕರಗಬೇಕಾದರೆ ಎಲೆಕ್ಟ್ರಾನ್ ಬಿಟ್ಟುಕೊಡಬೇಕು, ಅದನ್ನು ಯಾರಾದರೂ ತೆಗೆದುಕೊಳ್ಳಬೇಕು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೆಗೆದುಕೊಳ್ಳಲು ಇರುವುದು ಹೈಡ್ರೋಜನ್ ಅಯಾನು (ವಿದ್ಯುದಾವೇಶ ಇರುವ ಕಣ) ಮಾತ್ರ. ಅದಕ್ಕೆ ಸತುವಿನಿಂದ ಎಲೆಕ್ಟ್ರಾನ್ ಕೀಳುವ ಶಕ್ತಿಯಿದೆ, ತಾಮ್ರದಿಂದ ಕೀಳುವಷ್ಟಿಲ್ಲ. ತಾಮ್ರದ ಪ್ರಮಾಣಿತ ವಿಭವ, ಅಂದರೆ ಎಲೆಕ್ಟ್ರಾನ್ ಸೆಳೆಯುವ ಒಲವಿನ ಅಳತೆ, ಹೈಡ್ರೋಜನ್‌ಗಿಂತ 0.34 ವೋಲ್ಟ್ ಮೇಲಿದೆ. ನೈಟ್ರಿಕ್ ಆಮ್ಲದಲ್ಲಿ ನೈಟ್ರೇಟ್ ಕೂಡ ಇದೆ. ಅದರದ್ದು 0.96 ವೋಲ್ಟ್. ಹಾಗಾಗಿ ಎಲೆಕ್ಟ್ರಾನ್ ನೈಟ್ರೇಟ್ ಪಾಲಾಗುತ್ತದೆ, ಆ ನೈಟ್ರೇಟೇ ಅನಿಲವಾಗಿ ಹೊರಬರುತ್ತದೆ. ಹೈಡ್ರೋಜನ್ ಅಯಾನು ಕೊನೆಗೆ ನೀರಾಗಿ ಉಳಿಯುತ್ತದೆ.

ಆಮ್ಲ ಎಷ್ಟು ಗಾಢ ಅನ್ನುವುದರ ಮೇಲೆ ಅನಿಲವೂ ಬದಲಾಗುತ್ತದೆ. ಗಾಢ ಆಮ್ಲದಲ್ಲಿ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್. ನೀರು ಬೆರೆಸಿದ ಆಮ್ಲದಲ್ಲಿ ಹೆಚ್ಚಾಗಿ ನೈಟ್ರಿಕ್ ಆಕ್ಸೈಡ್, ಇದಕ್ಕೆ ಬಣ್ಣವಿಲ್ಲ. ಗಾಳಿ ತಾಗಿದ ಕೂಡಲೇ ಕಂದಾಗುತ್ತದೆ, ಅದಕ್ಕೇ ನಳಿಕೆಯ ಬಾಯಲ್ಲಿ ಮೊದಲು ಬಣ್ಣ ಕಾಣುವುದು. ತುಂಬ ನೀರು ಬೆರೆಸಿದ ಆಮ್ಲಕ್ಕೆ ಸತು ಹಾಕಿದರೆ ನೈಟ್ರೇಟ್ ಅಮೋನಿಯಂವರೆಗೂ ಇಳಿಯುತ್ತದೆ. ಮೆಗ್ನೀಸಿಯಂ, ಮ್ಯಾಂಗನೀಸ್‌ನಂಥ ಕೆಲವು ಲೋಹಗಳು ಮಾತ್ರ ತುಂಬ ತೆಳುವಾದ, ತಣ್ಣಗಿನ ನೈಟ್ರಿಕ್ ಆಮ್ಲದಲ್ಲಿ ಹೈಡ್ರೋಜನ್ ಕೊಡುತ್ತವೆ. ಪರೀಕ್ಷೆಯಲ್ಲಿ ಇದನ್ನು ಕೇಳುತ್ತಾರೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಅಷ್ಟು ಜೋರಿನ ಆಮ್ಲವನ್ನು ಅಲ್ಯೂಮಿನಿಯಂ ಟ್ಯಾಂಕರ್‌ನಲ್ಲಿ ಸಾಗಿಸುತ್ತಾರಲ್ಲ ಮೇಡಂ, ತೂತು ಬೀಳಲ್ವಾ?

ಉತ್ತರ: ಬೀಳುವುದಿಲ್ಲ ಸರ್. ಗಾಢ ನೈಟ್ರಿಕ್ ಆಮ್ಲ ತಾಗಿದ ಕ್ಷಣವೇ ಅಲ್ಯೂಮಿನಿಯಂ ಮೇಲೆ ತೆಳ್ಳಗಿನ, ಬಿಗಿಯಾದ ಆಕ್ಸೈಡ್ ಪದರ ಕೂರುತ್ತದೆ. ಒಳಗಿನ ಲೋಹಕ್ಕೆ ಆಮ್ಲ ಮುಟ್ಟುವುದೇ ಇಲ್ಲ. ನೀರು ಬೆರೆತರೆ ಈ ರಕ್ಷಣೆ ಕಡಿಮೆಯಾಗುತ್ತದೆ, ಆಗಲೇ ಅಪಾಯ. ಕಬ್ಬಿಣಕ್ಕೂ ಹೀಗೇ ಆಗುತ್ತದೆ. ಗಾಢ ಆಮ್ಲದಲ್ಲಿ ಅದ್ದಿದ ಮೊಳೆಯನ್ನು ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಿಗೆ ಹಾಕಿದರೆ ತಾಮ್ರ ಕೂರುವುದಿಲ್ಲ. ಮೊಳೆಯನ್ನು ಗೀರಿದರೆ ತಕ್ಷಣ ಕೂರಲು ಶುರುವಾಗುತ್ತದೆ. ನನಗೆ ತುಂಬ ಇಷ್ಟವಾದ ಪ್ರಯೋಗ ಇದು.

ಪ್ರಶ್ನೆ (ಅಕ್ಕಸಾಲಿ ಕೆಲಸದವರು): ನಾವು ಚಿನ್ನ ಶುದ್ಧ ಮಾಡುವಾಗ ಬೇಕಂತಲೇ ಬೆಳ್ಳಿ ಬೆರೆಸಿ ಕರಗಿಸಿ, ಆಮೇಲೆ ನೈಟ್ರಿಕ್‌ಗೆ ಹಾಕುತ್ತೇವೆ. ಯಾಕೆ ಹಾಗೆ?

ಉತ್ತರ: ಅಣ್ಣ, ನೈಟ್ರಿಕ್ ಆಮ್ಲ ಬೆಳ್ಳಿಯನ್ನೂ ತಾಮ್ರವನ್ನೂ ಕರಗಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಆದರೆ ಚಿನ್ನ ಜಾಸ್ತಿ ಇದ್ದರೆ ಅದೇ ಬೆಳ್ಳಿಗೆ ಗೋಡೆಯಾಗಿ ನಿಲ್ಲುತ್ತದೆ. ಚಿನ್ನ ಸುಮಾರು ಕಾಲು ಭಾಗಕ್ಕೆ ಇಳಿದರೆ ಆಮ್ಲ ಒಳಗಿನವರೆಗೂ ಹೋಗುತ್ತದೆ. ಚಿನ್ನವೇ ಕರಗಬೇಕಾದರೆ ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಸೇರಿಸಿದ ಅಕ್ವಾ ರೀಜಿಯಾ ಬೇಕು. ನೈಟ್ರಿಕ್ ಎಲೆಕ್ಟ್ರಾನ್ ಕೀಳುತ್ತದೆ, ಕ್ಲೋರೈಡ್ ಆ ಚಿನ್ನದ ಅಯಾನನ್ನು ಕಟ್ಟಿ ಹಿಡಿಯುತ್ತದೆ.

ಒಂದು ಕಳಕಳಿಯ ಮಾತು. ಆ ಕಂದು ಹೊಗೆ ಕುಡಿದಾಗ ಸ್ವಲ್ಪ ಕೆಮ್ಮು ಬಂದು ಸುಮ್ಮನಾಗಬಹುದು. ಗಂಟೆಗಳಾದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಮಾಡಲೇಬೇಡಿ. ಹೊಗೆಯನ್ನು ಹೊರಗೆ ಎಳೆಯುವ ಫ್ಯಾನ್, ಚಿಮಣಿ ಇರಲಿ. ಹೊಗೆ ಒಳಗೆ ಹೋಗಿದ್ದರೆ ಚೆನ್ನಾಗಿದ್ದೇನೆ ಅನ್ನಿಸಿದರೂ ಅದೇ ದಿನ ಆಸ್ಪತ್ರೆಗೆ ಹೋಗಿ, ನೈಟ್ರಿಕ್ ಹೊಗೆ ಅಂತ ಡಾಕ್ಟರ್‌ಗೆ ಹೇಳಿ.